ಪ್ರಾರ್ಥನೆ ಬಾಯಿಗೇ ಬರ್ತಿಲ್ಲ, ಆದ್ರೂ ಭಾನುವಾರ ಚರ್ಚಿಗೆ ಹೋಗ್ಬೇಕಾ?

ತೋಟದಮನೆ:
ಎಲ್ರಿಗೂ ವಂದನೆ. ಮೂರು ವರ್ಷದಿಂದ ಇಲ್ಲಿ ಓದ್ತಾ ಇದೀನಿ ಅಷ್ಟೆ, ಬರೀತಿರೋದು ಇದೇ ಮೊದ್ಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಹೊಸನಗರ ತಾಲೂಕು. ಊರಿನ ಹೆಸ್ರು ಬೇಡ, ಹೇಳಿದ್ರೆ ಯಾರು ಅಂತ ಗೊತ್ತಾಗೋವಷ್ಟು ಸಣ್ಣ ಊರು, ಕ್ರೈಸ್ತರ ಮನೆ ಅಂತ ಇರೋದು ನಮ್ದೊಂದೇ, ಚರ್ಚಿಗೆ 14 ಕಿಲೋಮೀಟರ್ ಹೋಗ್ಬೇಕು.

ವಿಷಯ ಏನಂದ್ರೆ, ಗುಡ್ ಫ್ರೈಡೇ ದಿನ ನಮ್ಮ ಸಭೇಲಿ 12ರಿಂದ 3ರ ತನಕ ಆರಾಧನೆ ಇರುತ್ತಲ್ಲ, ಯೇಸು ಸ್ವಾಮಿ ಶಿಲುಬೆ ಮೇಲಿಂದ ಹೇಳಿದ ಏಳು ಮಾತನ್ನ ಏಳು ಜನಕ್ಕೆ ಹಂಚಿ ಕೊಡ್ತಾರೆ, ಹತ್ತತ್ತು ನಿಮಿಷ ಮಾತಾಡ್ಬೇಕು. ಈ ಸಲ ನಂಗೆ ಬಂದಿದ್ದು ನಾಲ್ಕನೇದು. ನನ್ನ ದೇವರೇ ಯಾಕೆ ಕೈಬಿಟ್ಟೆ ಅನ್ನೋದು. ನಾನು ಎರಡು ಪೇಜ್ ಬರ್ಕೊಂಡು ಹೋಗಿದ್ದೆ. ಮುಂದೆ ನಿಂತೆ, ವಾಕ್ಯ ಓದಿದೆ, ಅಷ್ಟೇ, ಮುಂದಕ್ಕೆ ಬಾಯಿ ತೆರೀಲಿಲ್ಲ. ಒಂದು ನಿಮಿಷ ನಿಂತಿದ್ನೋ ಎರಡು ನಿಮಿಷಾನೋ ಗೊತ್ತಿಲ್ಲ, ಬಂದು ಕೂತ್ಕೊಂಡೆ. ಅಯ್ಯನವರು, ಅಂದ್ರೆ ನಮ್ಮ ಪಾಸ್ಟರು, ಏನೂ ಅನ್ಲಿಲ್ಲ, ಹಾಡು ಹೇಳ್ಸಿದ್ರು.

ನಮ್ಮ ತಮ್ಮ ಹೋದ ವರ್ಷ ಪುನರ್ವಸು ಮಳೇಲಿ ಹುಲಿಕಲ್ ಘಾಟೀಲಿ ಬೈಕ್ ಸ್ಕಿಡ್ ಆಗಿ ಹೋದ. 29 ವರ್ಷ. ತೋಟ, ಔಷಧಿ ಹೊಡ್ಸೋದು, ಮನೆ ರಿಪೇರಿ ಎಲ್ಲಾ ಅವ್ನೇ ನೋಡ್ಕೊಳ್ತಿದ್ದಿದ್ದು. ಅದ್ರ ಮೇಲೆ ಎಲೆಚುಕ್ಕಿ ರೋಗ ಬೇರೆ ತೋಟಕ್ಕೆ ಬಂದು ಕೂತಿದೆ. ಆವತ್ತಿಂದ ನಂಗೆ ಪ್ರಾರ್ಥನೆ ಬರ್ತಿಲ್ಲ. ಸಿಟ್ಟು ಅಂತ ಅಲ್ಲ, ಸಿಟ್ಟಿದ್ರೆ ಬೈಬಹುದಿತ್ತು. ಬರೀ ಖಾಲಿ. ಈಸ್ಟರ್ ಆದ್ಮೇಲೆ ಎರಡು ಭಾನುವಾರ ಹೋಗಿಲ್ಲ. ಅಮ್ಮನ್ನ ಬಸ್ ಹತ್ಸಿ ಮನೆಗೆ ವಾಪಸ್ ಬಂದೆ. ನಂಬಿಕೆ ಇಲ್ದೇ ಹೋಗಿ ಅಲ್ಲಿ ಕೂತು ಆಮೆನ್ ಅನ್ನೋದು ನಾಟಕ ಅಲ್ವಾ? ಅದನ್ನ ಕೇಳೋಣ ಅಂತ ಬರ್ದೆ.

ಉಕ್ಕಿನೂರು:
ಪ್ರೈಸ್ ದ ಲಾರ್ಡ್ ಬ್ರದರ್. ಭದ್ರಾವತಿಯಿಂದ. ನಿಮ್ಮ ನೋವಿಗೆ ನಾನೂ ಪ್ರಾರ್ಥನೆ ಮಾಡ್ತೀನಿ. ಆದ್ರೆ ನೇರವಾಗಿ ಹೇಳ್ತೀನಿ ತಪ್ಪು ತಿಳೀಬೇಡಿ, ಇದು ಸೈತಾನನ ಹೋರಾಟ. ಬಾಯಿ ಕಟ್ಟೋದೇ ಅವನ ಕೆಲ್ಸ. ಮೂರು ದಿನ ಉಪವಾಸ ಇದ್ದು ನಿಮ್ಮ ಜೀವಿತದಲ್ಲಿ ಅರಿಕೆ ಮಾಡದೇ ಇರೋ ವಿಷಯ ಏನಾದ್ರೂ ಇದೆಯಾ ಅಂತ ಪರೀಕ್ಷೆ ಮಾಡ್ಕೊಳ್ಳಿ. ನಂಬಿಕೆ ಕಡಿಮೆ ಆದಾಗ ಹೀಗಾಗುತ್ತೆ. ಇನ್ನೊಂದು ವಿಷಯ, ನಾಲ್ಕನೇ ಮಾತು ಸೋಲಿನ ಮಾತಲ್ಲ, ಯೇಸು ಸ್ವಾಮಿ 22ನೇ ಕೀರ್ತನೆ ಹೇಳ್ತಾ ಇದ್ದಿದ್ದು, ಆ ಕೀರ್ತನೆ ಮುಗಿಯೋದು ಜಯದಲ್ಲಿ. ಅದನ್ನ ನೀವು ಹೇಳ್ಬಹುದಿತ್ತು.

ನೈಟ್‌ಡ್ಯೂಟಿ:
ಉಕ್ಕಿನೂರು ಅವ್ರೇ, ತಮ್ಮ ಸತ್ತು ಹತ್ತು ತಿಂಗಳಾಗಿಲ್ಲ ಅವ್ರಿಗೆ. ಬೈಬಲ್‌ನಲ್ಲಿ ಮಕ್ಳು ಆಸ್ತಿ ಎಲ್ಲಾ ಕಳ್ಕೊಂಡ ಯೋಬನ ಸ್ನೇಹಿತರು 7 ದಿನ 7 ರಾತ್ರಿ ಬಾಯಿ ಮುಚ್ಕೊಂಡು ನೆಲದ ಮೇಲೆ ಕೂತಿದ್ದಾಗ ಚೆನ್ನಾಗೇ ಇದ್ರು. ಮಾತಾಡಕ್ಕೆ ಶುರು ಮಾಡಿದ್ಮೇಲೇ ಕೆಟ್ಟಿದ್ದು.

ತುಂಗೆದಂಡೆ:
ತೋಟದಮನೆ, ನಾನು ತೀರ್ಥಹಳ್ಳಿ ಕಡೆಯವಳು, ರಿಟೈರ್ಡ್ ಟೀಚರು, 40 ವರ್ಷ ಸಂಡೇ ಸ್ಕೂಲ್ ಮಾಡಿದೀನಿ ಅದ್ರಿಂದ ಸ್ವಲ್ಪ ಉದ್ದ ಆಗುತ್ತೆ.

ಮೊದ್ಲು ಆ 22ನೇ ಕೀರ್ತನೆ. ಹೌದು, ಅದ್ರಲ್ಲಿ 31 ವಚನ ಇದೆ, ಕೊನೇಲಿ ಸ್ತೋತ್ರ ಇದೆ. ಆದ್ರೆ ಮೊದಲ 20 ವಚನಕ್ಕೂ ಹೆಚ್ಚು ಎಲುಬು ಕಳಚಿದೆ, ನಾಲಗೆ ಅಂಗಳಕ್ಕೆ ಅಂಟಿದೆ, ನಾನು ಮನುಷ್ಯನಲ್ಲ ಹುಳ ಅಂತಾನೇ ಇದೆ. ಕರ್ತನು ಶಿಲುಬೆ ಮೇಲಿಂದ ಎತ್ತಿ ಹೇಳಿದ್ದು ಕೊನೇ ವಚನ ಅಲ್ಲ, ಮೊದಲನೇದು. ಕೊನೇದನ್ನೇ ಹೇಳ್ಬಹುದಿತ್ತಲ್ಲ, ಹೇಳ್ಲಿಲ್ಲ. ನೀನು ಅಲ್ಲಿ ನಿಂತು ಆ ವಚನ ಓದಿ ಸುಮ್ನಾಗಿದ್ದು ಇದೆಯಲ್ಲ, ನಂಗೇನೋ ಅವತ್ತು ನಿಮ್ಮ ಸಭೇಲಿ ಆದ ಏಳು ಪ್ರಸಂಗದಲ್ಲಿ ಅದೇ ಸರಿಯಾದ್ದು ಅನ್ಸುತ್ತೆ. ಉಳಿದ ಆರು ಜನ ಏನು ಹೇಳಿದ್ರು ಅಂತ ನಿಮ್ಮ ಸಭೆಯವರನ್ನ ಕೇಳಿ ನೋಡು, ಯಾರಿಗೂ ನೆನಪಿರಲ್ಲ.

ಇನ್ನು 88ನೇ ಕೀರ್ತನೆ ಯಾರೂ ಓದಲ್ಲ, ನಾನು ಮಕ್ಳಿಗೂ ಹೇಳ್ಕೊಟ್ಟಿಲ್ಲ ನಿಜ ಹೇಳ್ಬೇಕು ಅಂದ್ರೆ. ಅದ್ರಲ್ಲಿ ತಿರುವೇ ಇಲ್ಲ. ಆದಾಗ್ಯೂ ನಿನ್ನನ್ನು ಕೊಂಡಾಡುವೆನು ಅಂತ ಒಂದು ಕಡೇನೂ ಬರಲ್ಲ. ಇಬ್ರಿಯ ಭಾಷೇಲಿ ಅದ್ರ ಕೊನೇ ಪದಾನೇ ಕತ್ತಲು ಅಂತೆ, ನಮ್ಮ ಹಳೇ ಅಯ್ಯನವರೊಬ್ರು ಹೇಳ್ತಿದ್ರು. ಅದನ್ನ ಕಿತ್ತು ಬಿಸಾಕದೇ 150 ಕೀರ್ತನೆ ಒಳಗೆ ಇಟ್ಟಿದಾರಲ್ಲ. ದೇವಾಲಯದಲ್ಲಿ ಹಾಡೋಕೆ ಅಂತ ಇಟ್ಟಿದ್ದು ಅದು, ಮನೇಲಿ ಮೂಲೆಗೆ ಕೂತು ಅಳೋಕಲ್ಲ. ಅಂದ್ರೆ ನಿನ್ನಂಥೋನೂ ಅಲ್ಲಿ ಬರ್ತಾನೆ ಅಂತ ಗೊತ್ತಿತ್ತು ಅವ್ರಿಗೆ.

ಉಕ್ಕಿನೂರು:
ಟೀಚರಮ್ಮ ನಾನು ಬೈಬಲ್ ವಿರುದ್ಧ ಏನೂ ಹೇಳಿಲ್ಲ. ಅವ್ರ ಆತ್ಮದ ಮೇಲಿನ ಕಾಳಜಿಗೆ ಹೇಳಿದ್ದು.

ಬೆಂಗ್ಳೂರಲ್ಲಿರೋ ಮಲ್ನಾಡು:
ಬ್ರೋ ನಾನು ಕೊಪ್ಪದವನು, ಈಗ ಬೆಂಗ್ಳೂರು ವೈಟ್‌ಫೀಲ್ಡು. ನಂಗೂ ಹಿಂಗೇ ಆಗಿತ್ತು, ಕೆಲ್ಸ ಹೋಗಿ ಏಳು ತಿಂಗ್ಳು ಮನೇಲಿದ್ದಾಗ. ಚರ್ಚಿಗೆ ಹೋದ್ರೆ ಎಲ್ರೂ ಏನಾಯ್ತು ಕೆಲ್ಸ ಅಂತ ಕೇಳೋರು, ಹಿಂಸೆ. ಆಮೇಲೆ ನಾನು ಯೂಟ್ಯೂಬ್ ಲೈವ್‌ಗೆ ಶಿಫ್ಟ್ ಆದೆ. ಬೆಸ್ಟು. ಯಾರ ಮುಖಾನೂ ನೋಡ್ಬೇಕಾಗಿಲ್ಲ, ಬೋಧನೆ ಬೋರ್ ಆದ್ರೆ ಸ್ಪೀಡ್ ಜಾಸ್ತಿ ಮಾಡ್ಬಹುದು ಹಹ. ನಿಮ್ಗೆ ರೆಡಿ ಇಲ್ಲ ಅನ್ಸಿದ್ರೆ ಸ್ವಲ್ಪ ದಿನ ಮನೇಲೇ ನೋಡಿ, ತಪ್ಪೇನಿಲ್ಲ.

ತೋಟದಮನೆ:
ನೆಟ್‌ವರ್ಕ್ ಬೇಕು ಅಂದ್ರೆ ನಮ್ಮನೆ ಹಿಂದಿನ ಗುಡ್ಡ ಹತ್ಬೇಕು. ಈಗ ಇದನ್ನ ಬರೀತಿರೋದೂ ಗೇರುಮರದ ಬುಡದಲ್ಲಿ ಕೂತು. ಮಳೆಗಾಲದಲ್ಲಿ ಅಲ್ಲಿ ಐದು ನಿಮಿಷ ನಿಂತ್ರೆ ಕಾಲಿಗೆ ಹತ್ತು ಉಂಬಳ (ಜಿಗಣೆ).

ತುಂಗೆದಂಡೆ:
ಲೈವ್ ನೋಡೋದಕ್ಕೆ ನನ್ನ ತಕರಾರಿಲ್ಲ, ಕೋವಿಡ್ ಟೈಮಲ್ಲಿ ನಾನೂ ನೋಡಿದೀನಿ, ಕಾಲುನೋವಿನ ಅಜ್ಜಿಯರಿಗೆ ಅದೊಂದು ದೊಡ್ಡ ಉಪಕಾರ. ಆದ್ರೆ ನೀನು ಬಂದಿಲ್ಲ ಅಂತ ಫೋನಿಗೆ ಗೊತ್ತಾಗಲ್ಲ ಮಗಾ. ನಮ್ಮ ಸಭೇಲಿ ಒಬ್ರು ಎರಡು ವಾರ ಕಾಣ್ಲಿಲ್ಲ ಅಂದ್ರೆ ಮೂರನೇ ವಾರ ಸ್ತ್ರೀಯರ ಕೂಟದೋರು ಅವ್ರ ಮನೆ ಬಾಗಿಲಲ್ಲಿ ಇರ್ತಾರೆ, ಅದ್ರಲ್ಲಿ ಅರ್ಧ ಪ್ರೀತಿ ಅರ್ಧ ಕುತೂಹಲ ಅಂತ ನಂಗೂ ಗೊತ್ತು, ಇರ್ಲಿ ಬಿಡು, ಬರೋದಂತೂ ಬರ್ತಾರಲ್ಲ.

ಸಾಗರದಕ್ಕ:
ನಾನು ಕಥೋಲಿಕಳು, ಸಾಗರ, ಮನೇಲಿ ಕೊಂಕಣಿ. ನೀವೆಲ್ಲ ಬೇರೆ ಸಭೆಯೋರು ಆದ್ರೂ ಬರೀಬಹುದು ಅಂದ್ಕೊಳ್ತೀನಿ.

ತೋಟದಮನೆ ಅವ್ರೇ, ನಾಟಕ ಅಲ್ವಾ ಅಂತ ಕೇಳಿದ್ರಲ್ಲ. ನಮ್ಮಲ್ಲಿ ಪ್ರಾರ್ಥನೆ ಅಂದ್ರೆ ಮುಕ್ಕಾಲು ಪಾಲು ಬರ್ದಿಟ್ಟಿದ್ದೇ. ಬಲಿಪೂಜೇಲಿ ಗುರುಗಳು ಏನಂತಾರೆ ನಾವೇನನ್ಬೇಕು ಎಲ್ಲಾ ಮೊದ್ಲೇ ಇದೆ. ಮನೇಲಿ ಸಂಜೆ ಜಪಸರ, ಐವತ್ತು ಸಲ ಅದೇ ನಮೋ ಮರಿಯ. ಕಾಲೇಜಲ್ಲಿದ್ದಾಗ ನಂಗೂ ಇದು ಗಿಣಿಪಾಠ ಅನ್ಸೋದು. ನಮ್ಮ ಯಜಮಾನ್ರು ತೀರಿಕೊಂಡಾಗ ಗೊತ್ತಾಯ್ತು ಅದು ಯಾತಕ್ಕೆ ಅಂತ. ಆ ಹೊತ್ತಲ್ಲಿ ನನ್ನ ಹತ್ರ ಸ್ವಂತ ಮಾತು ಒಂದೂ ಇರ್ಲಿಲ್ಲ ಮಾರಾಯ್ರೆ. ಅತ್ತೆ ಅರ್ಧ ಹೇಳೋರು, ಮಕ್ಳು ಉಳಿದರ್ಧ ಹೇಳೋರು, ನಾನು ಮಣಿ ಮಾತ್ರ ಸರಿಸ್ತಿದ್ದೆ. ಮೂರು ತಿಂಗ್ಳು ಬರೀ ಮಣಿ. ಅದನ್ನ ಪ್ರಾರ್ಥನೆ ಅನ್ಬೇಕೋ ಬೇಡ್ವೋ ನೀವೇ ಹೇಳಿ.

ಇನ್ನೊಂದು. ಮದರ್ ತೆರೇಸಾ ಅವ್ರು 1997ರಲ್ಲಿ ತೀರಿಕೊಂಡ್ರಲ್ಲ, ಆಮೇಲೆ 2007ರಲ್ಲಿ ಅವ್ರ ಕಾಗದಗಳು ಹೊರಗೆ ಬಂದ್ವು. ತಮ್ಮ ಗುರುಗಳಿಗೆ ಬರ್ದಿದ್ದು. ಹತ್ರ ಹತ್ರ 50 ವರ್ಷ ಒಳಗೆ ಕತ್ತಲು, ದೇವರು ಇದಾನೆ ಅಂತಾನೇ ಅನ್ಸಲ್ಲ ಅನ್ನೋ ಥರ. ಅಷ್ಟು ವರ್ಷ ಬೆಳಿಗ್ಗೆ ಎದ್ದು ಪೂಜೆಗೆ ಹೋಗಿ, ಆಮೇಲೆ ಸಾಯ್ತಿರೋರ ಸೇವೆಗೆ ಹೋಗೋದು ತಪ್ಪಿಸ್ಲಿಲ್ಲ. ಆಗ ಪೇಪರ್‌ನೋರು ನೋಡ್ರಿ ಸಂತಳಿಗೇ ನಂಬಿಕೆ ಇರ್ಲಿಲ್ಲ ಅಂತ ಬರ್ದ್ರು. 2016ರಲ್ಲಿ ಅವ್ರನ್ನ ಸಂತಳು ಅಂತಾನೇ ಘೋಷಣೆ ಮಾಡಿದ್ದು.

ಉಕ್ಕಿನೂರು:
ಸಿಸ್ಟರ್ ಗೌರವದಿಂದಾನೇ ಹೇಳ್ತೀನಿ, ಜಪಮಾಲೆ ಬೈಬಲ್‌ನಲ್ಲಿ ಎಲ್ಲಿದೆ? ವ್ಯರ್ಥವಾಗಿ ಅದನ್ನೇ ಅದನ್ನೇ ಹೇಳ್ಬೇಡಿ ಅಂತ ಸ್ವಾಮಿನೇ ಹೇಳಿದಾರೆ.

ಸಾಗರದಕ್ಕ:
ಗೆತ್ಸೇಮನೆ ತೋಟದಲ್ಲಿ ಅದೇ ಮಾತನ್ನ ಮೂರು ಸಲ ಹೇಳಿ ಪ್ರಾರ್ಥನೆ ಮಾಡಿದ್ದೂ ಸ್ವಾಮಿನೇ.

ಅಡ್ಮಿನ್:
ಜಪಮಾಲೆ ಚರ್ಚೆ ಇಲ್ಲಿಗೆ ಸಾಕು. ಇದು ಐದನೇ ಸಲ ನಾನು ಇಲ್ಲಿ ಇದೇ ಮಾತು ಹೇಳ್ತಿರೋದು. ಕೇಳಿದವ್ರ ಪ್ರಶ್ನೆಗೆ ಬನ್ನಿ.

ಪುಟ್ಟಸಭೆ ಪಾಸ್ಟರ್:
ಪ್ರಿಯ ತೋಟದಮನೆ, ನಾನು ಮಲೆನಾಡಿನ ಒಂದು ಸಣ್ಣ ಸಭೆಯ ಸಭಾಪಾಲಕ, 22 ಕುಟುಂಬ. ಆಷಾಢದ ಮಳೇಲಿ ಬರೋದು ಎಂಟು ಹತ್ತು ಜನ, ಅದ್ರಲ್ಲಿ ನಾಲ್ಕು ಜನ ನನ್ನ ಮನೆಯವ್ರೇ. ತಗಡಿನ ಮೇಲೆ ಮಳೆ ಹೊಡೆಯೋ ಸದ್ದಿಗೆ ನಾನು ಹೇಳೋದು ಎರಡನೇ ಬೆಂಚಿಗೂ ಕೇಳ್ಸಲ್ಲ, ಆದ್ರೂ ಪೂರ್ತಿ ಹೇಳ್ತೀನಿ.

ನಿಮ್ಮ ಪ್ರಶ್ನೆಗೆ ನಾನು ಪಾಠ ಮಾಡಲ್ಲ. ಒಂದು ವಿಷಯ ಗಮನಿಸಿ. ಯೇಸು ಕಲಿಸಿದ ಕರ್ತನ ಪ್ರಾರ್ಥನೇಲಿ ನಾನು ಅನ್ನೋ ಪದ ಇಲ್ಲ. ನನ್ನ ತಂದೆಯೇ ಅಂತಿಲ್ಲ, ನಮ್ಮ ತಂದೆಯೇ. ಆಹಾರ ನಮಗೆ, ತಪ್ಪು ನಮ್ಮದು, ಶೋಧನೆ ನಮಗೆ. ಒಬ್ಬನೇ ಕೋಣೇಲಿ ಬಾಗಿಲು ಹಾಕ್ಕೊಂಡು ಹೇಳಿದ್ರೂ ನಮ್ಮ ಅಂತಾನೇ ಹೇಳ್ಬೇಕು. ಅಂದ್ಮೇಲೆ ಭಾನುವಾರ ನೀವು ಬಂದು ಕೂತು ಬಾಯಿ ತೆರೀಲಿಲ್ಲ ಅಂದ್ರೂ ಪಕ್ಕದಲ್ಲಿ ಕೂತೋರು ನಮ್ಮ ಅಂದಾಗ ಅದ್ರಲ್ಲಿ ನೀವೂ ಸೇರಿರ್ತೀರಿ. ಅವ್ರಿಗೆ ಗೊತ್ತಿರ್ಲಿ ಬಿಡ್ಲಿ. ಇದು ನನ್ನ ಸ್ವಂತ ಅನುಭವ ಕೂಡ. ಬೋಧಿಸೋನಿಗೆ ಪ್ರಾರ್ಥನೆ ಬರ್ತಿಲ್ಲ ಅಂತ ಯಾರ ಹತ್ರ ಹೇಳ್ಕೊಳ್ಳೋದು? ಒಂದು ವರ್ಷ ಪೂರ್ತಿ ಆರಾಧನಾ ಕ್ರಮದ ಪುಸ್ತಕ ಹಿಡ್ಕೊಂಡು ಅಕ್ಷರ ಅಕ್ಷರ ಓದಿದೀನಿ. ಸಭೆಯವ್ರು ಅಯ್ಯನವರು ಈಗೀಗ ಪ್ರಾರ್ಥನೆ ಚಿಕ್ಕದು ಮಾಡಿದಾರೆ ಅಂತ ಖುಷಿ ಪಟ್ರು.

ರೋಮಾಪುರದವರಿಗೆ ಬರೆದ ಪತ್ರಿಕೆ 8ನೇ ಅಧ್ಯಾಯ 26ನೇ ವಚನ ಒಂದ್ಸಲ ನೋಡಿ. ಹೇಗೆ ಪ್ರಾರ್ಥಿಸ್ಬೇಕೋ ನಮ್ಗೆ ಗೊತ್ತಿಲ್ಲ ಅಂತ ಪೌಲನೇ ಒಪ್ಕೊಳ್ತಾನೆ. ಮಾತಿಗೆ ಸಿಗದ ನರಳಾಟದಿಂದ ಆತ್ಮನು ನಮ್ಮ ಪರವಾಗಿ ಬೇಡ್ತಾನೆ ಅಂತಾನೆ.

ನೈಟ್‌ಡ್ಯೂಟಿ:
ನಾನೂ ಹೇಳ್ತೀನಿ ನನ್ನದು. ನರ್ಸು, ಶಿವಮೊಗ್ಗ. 2019ರಲ್ಲಿ ಅರಳಗೋಡು ಕಡೆ ಮಂಗನ ಕಾಯಿಲೆ ಜೋರಾಗಿದ್ದಾಗ ಜ್ವರದ ಕೇಸು ಒಂದರ ಹಿಂದೆ ಒಂದು ಬರ್ತಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದ್ಲು ಗೊತ್ತಾದ ಕಾಯಿಲೆ, ಇವತ್ತಿಗೂ ಅದಕ್ಕೆ ಅಂತ ಬೇರೆ ಔಷಧಿ ಇಲ್ಲ, ಡ್ರಿಪ್ ಹಾಕೋದು ಜ್ವರ ಇಳಿಸೋದು ರಕ್ತ ನೋಡ್ಕೊಳ್ಳೋದು ಅಷ್ಟೆ. ದರಗು (ತರಗೆಲೆ) ಗುಡಿಸೋಕೆ ಸೌದೆಗೆ ಅಂತ ಕಾಡಿಗೆ ಹೋಗಿ ಉಣುಗು (ಉಣ್ಣೆ ಹುಳ) ಕಚ್ಚಿಸ್ಕೊಂಡು ಬರೋರು, ನನ್ನ ಅಮ್ಮನ ವಯಸ್ಸಿನೋರು. ಆಗ ನಾನು ಬೆಡ್ ಪಕ್ಕ ನಿಂತು ಪ್ರಾರ್ಥನೆ ಮಾಡ್ತಿದ್ದೆ, ಕೆಲವ್ರು ಉಳ್ಕೊಂಡ್ರು, ಕೆಲವ್ರು ಇಲ್ಲ. ಯಾರಿಗೆ ಮಾಡಿದ್ದು ಕೇಳ್ತು ಯಾರಿಗೆ ಮಾಡಿದ್ದು ಕೇಳ್ಲಿಲ್ಲ ಅಂತ ಲೆಕ್ಕ ಹಾಕ್ತಾ ಹಾಕ್ತಾ ಒಂದಿನ ನಿಂತೇ ಹೋಯ್ತು.

ಆವಾಗ ನಾನೇನ್ ಮಾಡ್ತಿದ್ದೆ ಅಂದ್ರೆ ನೈಟ್ ಮುಗ್ಸಿ ಬಿ.ಎಚ್.ರೋಡಿನ ದೊಡ್ಡ ಚರ್ಚಿದೆಯಲ್ಲ, ಸೇಕ್ರೆಡ್ ಹಾರ್ಟ್ ಕೆಥೆಡ್ರಲ್, ಅಲ್ಲಿ ಹಿಂದೆ ಬಂದು ಕೂರ್ತಿದ್ದೆ. ನಾನು ಕಥೋಲಿಕಳಲ್ಲ, ಯಾರೂ ಕೇಳ್ಲೂ ಇಲ್ಲ. ಒಳಗೆ ಎಷ್ಟು ಎತ್ತರ ಅಂದ್ರೆ ಪಾರಿವಾಳ ಹಾರಿದ್ರೂ ಸದ್ದು ಕೆಳಗೆ ಬರಕ್ಕೆ ಟೈಮ್ ಬೇಕು. ಹತ್ತು ನಿಮಿಷ ಕೂತು ನಿದ್ದೆ ಮಾಡ್ಬಿಡ್ತಿದ್ದೆ. ನಿಜವಾಗ್ಲೂ ನಿದ್ದೆ, ಬಾಯಿ ತೆಕ್ಕೊಂಡು. ಪ್ರವಾದಿ ಎಲೀಯನಿಗೂ ಅಷ್ಟೇ ಅಲ್ವಾ ಮಾಡಿದ್ದು ದೇವದೂತ, ಸಾಯ್ತೀನಿ ಅಂತ ಜಾಲಿಗಿಡದ ಕೆಳಗೆ ಮಲ್ಗಿದ್ದೋನನ್ನ ಎಬ್ಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಕ್ಕೆ ಬಿಟ್ಟ. ಮತ್ತೆ ಎಬ್ಸಿ ಮತ್ತೆ ರೊಟ್ಟಿ. ತೋಟದಮನೆ, ನೀವು ಸರಿಯಾಗಿ ಊಟ ಮಾಡ್ತಿದೀರಾ? ನಿದ್ದೆ ಬರ್ತಿದೆಯಾ? ಹತ್ತು ತಿಂಗ್ಳಾಗಿದೆ, ನಿದ್ದೆ ಊಟ ಎರಡೂ ಕೆಟ್ಟಿದ್ರೆ ಡಾಕ್ಟರ್ ಹತ್ರಾನೂ ಹೋಗಿ ಬನ್ನಿ, ಅದು ಅಪನಂಬಿಕೆ ಅಲ್ಲ. ನಾನು ಹೋಗಿದ್ದೆ.

ತೋಟದಮನೆ:
ಊಟ ಪರವಾಗಿಲ್ಲ. ನಿದ್ದೆ ಮಳೆ ಬಂದ್ರೆ ಬರಲ್ಲ. ಹೋದ ವಾರ ಒಂದು ಜಡಿಮಳೆ ಬಂತಲ್ಲ ಸಿಡ್ಲು ಸಮೇತ, ಅಡುಗೆಮನೇಲಿ ಮೂರು ಕಡೆ ಸೋರ್ತು. ರಾತ್ರಿಯೆಲ್ಲಾ ಪಾತ್ರೆ ಇಡೋದು ಚೆಲ್ಲೋದು. ಪ್ರತಿ ವರ್ಷ ಏಪ್ರಿಲ್‌ನಲ್ಲಿ ತಮ್ಮ ಹತ್ತಿ ಹೆಂಚು ಕೈಯಾಡ್ಸೋನು, ಈ ವರ್ಷ ಯಾರೂ ಹತ್ತಿಲ್ಲ. ಆಳು ಸಿಗಲ್ಲ. ನಂಗೆ ಮಂಡಿ ನೋವು ಜೊತೆಗೆ ಎತ್ತರ ಅಂದ್ರೆ ತಲೆ ತಿರುಗುತ್ತೆ. ಅಮ್ಮ ಏನೂ ಅನ್ನಲ್ಲ, ಪಾತ್ರೆ ಇಡ್ತಾಳೆ. ಆ ಪಾತ್ರೆಗೆ ನೀರು ಬೀಳೋ ಸದ್ದು ಕೇಳಿದ್ರೆ ಅವ್ನೇ ನೆನಪಾಗ್ತಾನೆ.

ಇರ್ಲಿ. ಪಾಸ್ಟರ್ ಹೇಳಿದ ನಮ್ಮ ಅನ್ನೋದು ನಂಗೆ ಹೊಸದು. ಆದ್ರೂ ಒಂದು ಅನುಮಾನ. ನನ್ನ ಪರವಾಗಿ ಬೇರೆಯೋರು ನಂಬಕ್ಕೆ ಆಗುತ್ತಾ? ಪರೀಕ್ಷೆ ನಾನೇ ಬರೀಬೇಕಲ್ವಾ?

ತುಂಗೆದಂಡೆ:
ಕಪೆರ್ನೌಮ್ ಊರಲ್ಲಿ ಯೇಸು ಇದ್ದ ಮನೆಗೆ ಪಾರ್ಶ್ವವಾಯು ರೋಗಿನ ಹೊತ್ಕೊಂಡು ಬಂದ್ರಲ್ಲ ನಾಲ್ಕು ಜನ. ಬಾಗಿಲಲ್ಲಿ ಜಾಗ ಇಲ್ಲ, ಮೇಲೆ ಹತ್ತಿ ಹೆಂಚು ತೆಗ್ದು ಹಾಸಿಗೆ ಸಮೇತ ಇಳಿಸಿದ್ರು. ಸಂಡೇ ಸ್ಕೂಲಲ್ಲಿ ನಾನು ಇದನ್ನ ಎಷ್ಟು ಸಲ ಹೇಳಿದೀನೋ, ರಟ್ಟಿನ ಮನೆ ಮಾಡಿ ದಾರ ಕಟ್ಟಿ ಗೊಂಬೆ ಇಳ್ಸಿ ತೋರ್ಸಿದೀನಿ. ಒಂದ್ಸಲ ಒಬ್ಬ ಹುಡುಗಿ, ಏಳನೇ ಕ್ಲಾಸು, ಕೇಳಿದ್ಲು, ಟೀಚರ್ ಮಲ್ಗಿದ್ದೋನಿಗೆ ನಂಬಿಕೆ ಇತ್ತಾ ಅಂತ. ನಾನು ಇತ್ತಮ್ಮ ಅಂದೆ ಅಭ್ಯಾಸಬಲದಿಂದ. ಮನೆಗೆ ಬಂದು ತೆಗ್ದು ನೋಡ್ತೀನಿ, ಅವ್ನ ಬಗ್ಗೆ ಒಂದಕ್ಷರ ಇಲ್ಲ. ಅವ್ನು ಬಾಯೇ ಬಿಟ್ಟಿಲ್ಲ. ಯೇಸು ಅವರ ನಂಬಿಕೆಯನ್ನು ನೋಡಿ ಅಂತಿದೆ. ಅವರ. ಬಹುವಚನ. ಮುಂದಿನ ವಾರ ಹೋಗಿ ಆ ಹುಡುಗಿ ಹತ್ರ ತಪ್ಪಾಯ್ತು ಅಂದೆ.

ಉಕ್ಕಿನೂರು:
ಟೀಚರಮ್ಮ, ಅವರ ಅಂದ್ರೆ ಐದೂ ಜನ ಅಂತಾನೂ ಆಗ್ಬಹುದಲ್ಲ. ರೋಗಿನೂ ಸೇರಿ.

ತುಂಗೆದಂಡೆ:
ಆಗ್ಬಹುದು. ನಾನು ಅವ್ನನ್ನ ಹೊರಗೆ ಹಾಕಿಲ್ಲ. ಆದ್ರೆ ನಡ್ಕೊಂಡು ಬರೋ ಸ್ಥಿತೀಲಿ ಅವ್ನಂತೂ ಇರ್ಲಿಲ್ಲ.

ಉಪದೇಶಿ ಮೊಮ್ಮಗ:
ಒಂದು ಸಣ್ಣ ತಿದ್ದುಪಡಿ ಕ್ಷಮಿಸಿ, ಸುಮ್ನಿರಕ್ಕೆ ಆಗಲ್ಲ ನನ್ನ ರೋಗ ಅದು. ಹೆಂಚು ಅಂತ ಬರೋದು ಲೂಕದಲ್ಲಿ ಮಾತ್ರ, 5ನೇ ಅಧ್ಯಾಯ 19. ಮಾರ್ಕ 2ರಲ್ಲಿ ಮಾಳಿಗೆ ಕಿತ್ತು ಅಗೆದ್ರು ಅನ್ನೋ ಥರ ಇದೆ. ಆ ಕಡೆ ಮನೆಗಳಿಗೆ ತೊಲೆ ಹಾಕಿ ಕಡ್ಡಿ ಹಾಸಿ ಮೇಲೆ ಮಣ್ಣು ಮೆತ್ತೋರು, ಚಿತ್ರದುರ್ಗ ಬಳ್ಳಾರಿ ಕಡೆ ಮಾಳಿಗೆ ಮನೆ ಇದಾವಲ್ಲ ಆ ಥರ. ನಮ್ಮ ಮಲ್ನಾಡಿನ ಇಳಿಜಾರು ಹೆಂಚು ಅಲ್ಲ ಅದು. ಹಾಗಾಗಿ ಅಗೆದಾಗ ಕೆಳಗೆ ಕೂತು ಬೋಧನೆ ಕೇಳ್ತಿದ್ದ ಶಾಸ್ತ್ರಿಗಳ ತಲೆ ಮೇಲೆ ಮಣ್ಣು ಬಿದ್ದಿರುತ್ತೆ, ಅದನ್ನ ಯಾರೂ ಹೇಳಲ್ಲ.

ಹೆಂಚಿನ ವಿಷಯ ಬಂತು ಅಂತ ಇನ್ನೊಂದು. ನಾವು ಮಂಗ್ಳೂರು ಹೆಂಚು ಅಂತೀವಲ್ಲ, ಅದನ್ನ ಶುರು ಮಾಡಿದ್ದೇ ಮಿಷನ್‌ನೋರು. ಬಾಸೆಲ್ ಮಿಷನ್ 1834ರಲ್ಲಿ ಮಂಗ್ಳೂರಿಗೆ ಬಂತು, ಸಭೆಗೆ ಸೇರಿದೋರು ಜಾತಿ ಕಸುಬು ಮನೆ ಎಲ್ಲಾ ಕಳ್ಕೊಂಡು ಹೊಟ್ಟೆಪಾಡಿಗೆ ಏನು ಅಂತ ನಿಂತಾಗ ನೇಯ್ಗೆ ಶುರು ಮಾಡಿದ್ರು, ಪ್ರೆಸ್ ಶುರು ಮಾಡಿದ್ರು, ಆಮೇಲೆ 1865ರಲ್ಲಿ ಪ್ಲೆಬ್ಸ್ಟ್ ಅನ್ನೋ ಮಿಷನರಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ನೇತ್ರಾವತಿ ದಂಡೆ ಜೇಡಿಮಣ್ಣು. ಸೋಗೆ ಹುಲ್ಲು ಹೊದಿಸ್ತಿದ್ದ ಘಟ್ಟದ ಮೇಲಿನ ಮನೆಗಳಿಗೆ ಆ ಹೆಂಚು ಬಂದಿದ್ದು ಹಾಗೆ. ತೋಟದಮನೆ ಅವ್ರೇ ನಿಮ್ಮ ಮನೆ ಹಳೇದಾದ್ರೆ ಒಂದು ಹೆಂಚು ತಿರುಗಿಸಿ ನೋಡಿ, ಬಾಸೆಲ್ ಮಿಷನ್ ಅಂತ ಅಚ್ಚು ಇರ್ಬಹುದು.

ಬೆಂಗ್ಳೂರಲ್ಲಿರೋ ಮಲ್ನಾಡು:
ಒಂದು ಡೌಟು. ಕಪೆರ್ನೌಮಿನ ಆ ಮನೆ ಓನರ್ ಕಥೆ ಏನು? ರೋಗಿ ಎದ್ದು ಹಾಸಿಗೆ ಸುತ್ಕೊಂಡು ಹೋದ, ಎಲ್ರೂ ದೇವರನ್ನ ಕೊಂಡಾಡಿದ್ರು, ಸರಿ. ಮಾಡಿನ (ಚಾವಣಿಯ) ತೂತು ಯಾರು ಮುಚ್ಚಿದ್ರು?

ತುಂಗೆದಂಡೆ:
ನಲವತ್ತು ವರ್ಷದಲ್ಲಿ ಯಾವ ಮಗೂನೂ ಇದನ್ನ ಕೇಳಿರ್ಲಿಲ್ಲ.

ಪುಟ್ಟಸಭೆ ಪಾಸ್ಟರ್:
ಆ ನಾಲ್ಕು ಜನಾನೇ ಮುಚ್ಚಿರ್ಬೇಕು ಅಂತ ನಾನು ನಂಬ್ತೀನಿ, ಶಾಸ್ತ್ರದಲ್ಲಿ ಇಲ್ಲ. ನಮ್ಮ ಸುಗ್ಗಿ ಹಬ್ಬದ ಚಪ್ಪರ ಬಿಚ್ಚೋಕೆ ಮಾತ್ರ ಯಾವತ್ತೂ ಯಾರೂ ಇರಲ್ಲ. ಹರಾಜಿನಲ್ಲಿ ಒಂದು ಸಿಹಿಗುಂಬಳಕ್ಕೆ ಮೂರು ಸಾವಿರ ಕೂಗೋರು, ಕೂಗಿ ತಗೊಂಡು ಅದನ್ನೇ ಮತ್ತೆ ಸಭೆಗೆ ಕೊಡೋರು ಇದಾರೆ, ಗೂಟ ಕೀಳೋಕೆ ಬನ್ನಿ ಅಂದ್ರೆ ಬಸ್ಸಿಗೆ ಟೈಮ್ ಆಯ್ತು.

ಉಕ್ಕಿನೂರು:
ತೋಟದಮನೆ ಬ್ರದರ್, ಹೆಂಚಿನ ಮಾಡು ಎಷ್ಟು ಅಂಕಣ? ಹೆಂಚು ಕೂರೋ ರೀಪು ಪಟ್ಟಿ ಹಾಳಾಗಿದೆಯಾ ಬರೀ ಹೆಂಚಾ?

ತೋಟದಮನೆ:
ಐದು ಅಂಕಣ ಮತ್ತೆ ಹಿಂದೆ ಅಡುಗೆಮನೆ ಬೇರೆ ಮಾಡು. ಪಕಾಸಿ ಮರ ಗಟ್ಟಿ ಇದೆ, ರೀಪು ಎರಡು ಮೂರು ಗೆದ್ದಲು ಹಿಡಿದಿದೆ ಅನ್ಸುತ್ತೆ. ಮಂಗ ಹಾರಿ ಹೆಂಚು ತುಂಬಾ ಒಡೆದಿದಾವೆ. ಯಾಕೆ?

ಉಕ್ಕಿನೂರು:
ನಾನು ಫ್ಯಾಕ್ಟರಿ ಕೆಲ್ಸಕ್ಕೆ ಹೋಗೋ ಮೊದ್ಲು ಎಂಟು ವರ್ಷ ಹೆಂಚಿನ ಕೆಲ್ಸಾನೇ ಮಾಡಿದ್ದು, ನಮ್ಮಪ್ಪನ ಜೊತೆ. ಮೇ 1 ರಜ. ಬರ್ಲಾ? ಉಪವಾಸದ ವಿಷಯ ನಾನು ಹೇಳಿದ್ದು ವಾಪಸ್ ತಗೊಳಲ್ಲ, ಅದು ನನ್ನ ನಂಬಿಕೆ. ಆದ್ರೆ ಮೃಗಶಿರಾ ಮಳೆ ಬರೋದ್ರೊಳಗೆ ಮಾಡು ಆಗ್ಬೇಕು. ಇನ್ನೂ ಮೂರು ಜನ ಬೇಕು, ಕೆಳಗಿಂದ ಹೆಂಚು ದಾಟಿಸೋಕೆ.

ಉಪದೇಶಿ ಮೊಮ್ಮಗ:
ನಾನು ಬರ್ತೀನಿ, ಶಿವಮೊಗ್ಗದಿಂದ. ಹೆಂಚಿನ ಅಚ್ಚು ನೋಡೋ ಆಸೆ ಇದೆ ಅಂತ ಮೊದ್ಲೇ ಹೇಳ್ಬಿಡ್ತೀನಿ.

ಪುಟ್ಟಸಭೆ ಪಾಸ್ಟರ್:
ನಾನೂ ನನ್ನ ಮಗನೂ. ರೀಪಿಗೆ ಮತ್ತಿ ಮರದ ತುಂಡು ನಮ್ಮಲ್ಲಿದೆ, ಬೆಂಚು ಮಾಡ್ಸಿ ಉಳಿದಿದ್ದು. ವಿಳಾಸ ಇಲ್ಲಿ ಹಾಕ್ಬೇಡಿ, ಅಡ್ಮಿನ್‌ಗೆ ಕಳ್ಸಿ.

ಸಾಗರದಕ್ಕ:
ನಂಗೆ ಮಾಡು ಹತ್ತೋಕೆ ಆಗಲ್ಲ, ಕೋಳಿ ಸಾರು ಕಡುಬು ಕಳ್ಸ್ತೀನಿ. ಬಸ್ಸಿನ ಡ್ರೈವರ್ ಪರಿಚಯದೋನು.

ತೋಟದಮನೆ:
ಬೇಡ ಅಂತ ಬರ್ದು ಅಳ್ಸಿದೆ ಎರಡು ಸಲ. ಅಮ್ಮನಿಗೆ ಓದಿ ಹೇಳ್ದೆ. ಬರ್ಲಿ ಅಂದ್ಲು.

ನೈಟ್‌ಡ್ಯೂಟಿ:
ಕಾಡಂಚಿನ ಮನೆ ಅಂದ್ರೆ ಉಣುಗು ಇರುತ್ತೆ, ಅದು ಕಚ್ಚದ ಹಾಗೆ ಕಾಲಿಗೆ ಡೇಪಾ ಎಣ್ಣೆ ಹಚ್ಕೊಂಡು ಹೋಗಿ ಎಲ್ರೂ. ಪ್ಯಾಂಟ್ ಸಾಕ್ಸ್ ಒಳಗೆ ಹಾಕಿ. ಪಾಸ್ಟರ್‌ಗೂ ಹೇಳ್ತಿರೋದು.

ತೋಟದಮನೆ:
ಮೇ 3, ಭಾನುವಾರ ರಾತ್ರಿ. ಗೇರುಮರದ ಬುಡದಿಂದ.

ಮೊನ್ನೆ ಬೆಳಿಗ್ಗೆ ಏಳಕ್ಕೇ ಬಂದ್ರು ನಾಲ್ಕೂ ಜನ. ಉಕ್ಕಿನೂರು ಅವ್ರು ಮಾತು ಜಾಸ್ತಿ ಅಂದ್ಕೊಂಡಿದ್ದೆ, ಮಾಡು ಹತ್ತಿದ್ಮೇಲೆ ಒಂದು ಮಾತಿಲ್ಲ. ಹೆಂಚೆಲ್ಲಾ ಇಳ್ಸಿ ಪಾಚಿ ಉಜ್ಜಿ, ಒಡೆದಿದ್ದು ಬೇರೆ ಇಟ್ಟು, ಗೆದ್ದಲು ಹಿಡಿದ ರೀಪು ನಾಲ್ಕು ಬದಲಾಯಿಸಿ, ಸಂಜೆ ಆರಕ್ಕೆ ಮುಗೀತು. 73 ಹೆಂಚು ಒಡೆದಿತ್ತು. ಅಚ್ಚು ಎಲ್ಲಾದ್ರಲ್ಲೂ ನೋಡಿದ್ವಿ, ಒಂದೂ ಬಾಸೆಲ್ ಮಿಷನ್ ಇಲ್ಲ, ಎಲ್ಲಾ ಬೇರೆ ಕಂಪ್ನಿದು. ಉಪದೇಶಿ ಮೊಮ್ಮಗ ಅವ್ರ ಮುಖ ನೋಡಕ್ಕಾಗ್ಲಿಲ್ಲ.

ಪಕಾಸಿ ಸಂದೀಲಿ ತಮ್ಮನ ಕತ್ತಿ ಸಿಕ್ತು. ಹೋದ ವರ್ಷ ಕಳೆದೋಯ್ತು ಅಂತ ನನ್ನ ಹತ್ರ ಜಗಳ ಆಡಿದ್ದ, ನೀನೇ ಎಲ್ಲೋ ಬಿಸಾಕಿದೀಯ ಅಂತ. ಪಾಸ್ಟರ್ ಮಗ ತಂದು ಕೊಟ್ಟ, ಏನೂ ಗೊತ್ತಿಲ್ದೇ. ಅಲ್ಲೇ ಜಗಲಿ ಮೇಲೆ ಕೂತು ಅತ್ತೆ. ಹತ್ತು ತಿಂಗ್ಳಲ್ಲಿ ಅದೇ ಮೊದ್ಲು. ಮೇಲೆ ಹೆಂಚು ಜೋಡ್ಸೋ ಸದ್ದು ಬರ್ತಾನೇ ಇತ್ತು, ಯಾರೂ ಇಳೀಲಿಲ್ಲ, ನಿಲ್ಲಿಸ್ಲೂ ಇಲ್ಲ. ಊಟಕ್ಕೆ ಕೂತಾಗ ಅಮ್ಮ ಕರ್ತನ ಪ್ರಾರ್ಥನೆ ಶುರು ಮಾಡಿದ್ಲು. ನಾನು ಹೇಳ್ಲಿಲ್ಲ. ಬಾಯಿ ಇನ್ನೂ ಬರಲ್ಲ.

ಇವತ್ತು ಅಮ್ಮನ ಜೊತೆ ಬಸ್ ಹತ್ತಿದೆ. ಹಿಂದಿನ ಬೆಂಚು.

ಒಂದು ಮೂಲೇಲಿ ಇನ್ನೂ ಸೋರುತ್ತೆ, ನಿನ್ನೆ ರಾತ್ರಿ ಮಳೇಲಿ ನೋಡ್ದೆ, ಒಲೆ ಮೇಲ್ಗಡೆ ಎಡಕ್ಕೆ. ಮತ್ತೆ ಬಿದಿರಿನ ಏಣಿ ಇಲ್ಲೇ ಬಿಟ್ಟು ಹೋಗಿದೀರ, ಯಾರ್ದು ಅದು?

ಉಕ್ಕಿನೂರು:
ನಂದು. ಅಲ್ಲೇ ಇರ್ಲಿ, ಮುಂದಿನ ರಜಕ್ಕೆ ಆ ಮೂಲೆ ನೋಡಕ್ಕೆ ಬರ್ತೀನಿ.